ನೆರೆ, ಬರ ಮತ್ತು ಕಲಾ ವಿದ್ಯಾರ್ಥಿ

ಲೇಖನಕ್ಕೆ ಇಂಥ ತಲೆಬರಹ ಕೊಟ್ಟುದನ್ನು ನೋಡಿ ವಾಚಕರಲ್ಲಿ ಕೆಲವರು ನಕ್ಕರೂ ನಗಬಹುದು. ನೆರೆ ಬಂದರೆ ಇಂಜಿನಿಯರನ್ನು ಕರೆಯುತ್ತಾರೆ. ಬರ ಬಂದರೆ ಕೊಳವೆಬಾವಿ ಕೊರೆಯುವ ಲಾರಿಯನ್ನು ಕರೆಯುತ್ತಾರೆ. ಎರಡಕ್ಕೂ ಮೊದಲು ಜೋಯಿಸರನ್ನೂ, ಕೊನೆಗೆ ತಹಶೀಲ್ದಾರರನ್ನೂ ಕರೆಯುವುದುಂಟು. ಆದರೆ ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳನ್ನು ಓದುವ ಬಿ.ಎ. ವಿದ್ಯಾರ್ಥಿಯನ್ನು ಯಾರೂ ಕರೆದುದನ್ನು ನಾನು ಕಂಡಿಲ್ಲ. ಕಳೆದ ವರ್ಷ ರೈಲಿನಲ್ಲಿ ಅರಸೀಕೆರೆಗೆ ಹಿಂದಿರುಗುತ್ತಿದ್ದಾಗ, ಇಂಜಿನಿಯರಿಂಗ್ ಓದುತ್ತಿರುವ ನನ್ನ ಬಾಲ್ಯಮಿತ್ರನೊಬ್ಬನು ಇದೇ ಮಾತನ್ನೆತ್ತಿ, "ನೀವು ಆರ್ಟ್ಸಿನವರು ನೆರೆ ಇಳಿದ ಮೇಲೆ ಕವನ ಬರೆಯಿರಿ, ಬರ ಕಳೆದ ಮೇಲೆ ಕಾದಂಬರಿ ಬರೆಯಿರಿ, ನಡುವಿನ ಕೆಲಸ ನಮಗೆ ಬಿಡಿ" ಎಂದನು. ಆಗ ತಕ್ಕ ಉತ್ತರ ನನಗೆ ಹೊಳೆಯಲಿಲ್ಲ. ಮನೆಗೆ ಬಂದು ಚೀಲವನ್ನು ಗೋಡೆಯ ಮೊಳೆಗೆ ನೇತುಹಾಕುವಾಗ ಹೊಳೆಯಿತು. ಅದನ್ನೇ ಇಲ್ಲಿ ಬರೆಯುವ ಸಾಹಸ ಮಾಡಿದ್ದೇನೆ.

ನಮ್ಮ ನಡುಮನೆಯ ಗೋಡೆಯಲ್ಲಿ, ನೆಲದಿಂದ ಮೊಳಕಾಲೆತ್ತರಕ್ಕೆ, ಸುಣ್ಣದ ಮೇಲೆ ಕಂದುಬಣ್ಣದ ಗೆರೆಯೊಂದು ಉಳಿದಿದೆ. ೨೦೨೨ರ ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದ ರಾತ್ರಿ ನೀರು ಒಳಗೆ ಬಂದು ನಿಂತ ಗುರುತು ಅದು. ನಾನಾಗ ಪಿ.ಯು.ಸಿ. ಓದುತ್ತಿದ್ದೆನು. ಅಕ್ಕಿಯ ಮೂಟೆಯನ್ನೂ ನನ್ನ ಪುಸ್ತಕಗಳನ್ನೂ ಮಂಚದ ಮೇಲೆ ಪೇರಿಸಿ, ತಂಗಿಯನ್ನು ಅವುಗಳ ಪಕ್ಕದಲ್ಲಿ ಕೂರಿಸಿ, ತಂದೆ ತಾಯಿ ಮತ್ತು ನಾನು ಬೆಳಗಿನವರೆಗೆ ನೀರಿನಲ್ಲಿಯೇ ನಿಂತಿದ್ದೆವು. ಅದೇ ಗೋಡೆಗೆ ಒರಗಿದಂತೆ ಈಗ ಎರಡು ನೀಲಿ ಡ್ರಮ್ಮುಗಳಿವೆ. ಅವು ಮರುವರ್ಷದ ಬರದಲ್ಲಿ ಟ್ಯಾಂಕರಿನ ನೀರು ಹಿಡಿದಿಡಲು ಸಾಲ ಮಾಡಿ ಕೊಂಡವು. ಗೆರೆಯ ಅರ್ಧಭಾಗ ಡ್ರಮ್ಮುಗಳ ಹಿಂದೆ ಮರೆಯಾಗಿದೆ. ನನ್ನ ಮಿತ್ರನು ಹೇಳಿದ ಆ "ನಡುವಿನ ಕೆಲಸ"ಕ್ಕೆ ನಮ್ಮ ಮನೆಯಲ್ಲಿ ದೊರೆತ ಅವಧಿ ಹೆಚ್ಚೆಂದರೆ ಒಂದು ವರ್ಷ.

ಹಾಸನ ಜಿಲ್ಲೆಯ ಮಳೆ ಎಲ್ಲ ಕಡೆಗೂ ಒಂದೇ ಸಮನಲ್ಲ ಎಂಬುದು ಎಲ್ಲರಿಗೂ ತಿಳಿದುದೇ. ಪಶ್ಚಿಮದ ಸಕಲೇಶಪುರದಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರು ದಾಟಿ ಸುರಿಯುವ ಮಳೆ, ಬೇಲೂರಿಗೆ ಬರುವಾಗ ಅರ್ಧಕ್ಕಿಳಿದು, ನಮ್ಮ ಅರಸೀಕೆರೆಗೆ ಮುಟ್ಟುವಾಗ ಮೂರರಲ್ಲೊಂದು ಪಾಲಾಗಿರುತ್ತದೆ. ಅದೂ ಪ್ರತಿ ವರ್ಷ ಬರುತ್ತದೆಂಬ ಭರವಸೆಯಿಲ್ಲ. ೨೦೧೧ರಿಂದ ೨೦೧೭ರವರೆಗೆ ರಾಜ್ಯದಲ್ಲಿ ಬರವೇ ವಾಡಿಕೆಯಾಗಿ, ಮಳೆ ಬಂದ ವರ್ಷವೇ ಅಪರೂಪವಾಗಿತ್ತು. ಆ ವರ್ಷಗಳಲ್ಲಿ ಸಾವಿರ ಅಡಿ ಕೊರೆದರೂ ನೀರು ಕಾಣದೆ, ಮಕ್ಕಳಂತೆ ಸಾಕಿದ ತೆಂಗಿನ ಮರಗಳು ಸುಳಿ ಒಣಗಿ ನಿಂತುದನ್ನು ನಮ್ಮ ಸೀಮೆಯವರು ಮರೆಯಲಾರರು. ಹಾಗೆ ಒಣಗಿದ ಒಂದು ತೋಟದಲ್ಲಿ ನನ್ನ ತಂದೆಯವರು ಕೂಲಿಯಾಗಿದ್ದರು. ತೋಟವೇ ಇಲ್ಲವಾದ ಮೇಲೆ ತೋಟದ ಕೂಲಿಗೆ ಎಲ್ಲಿ ಜಾಗ? ಸಂಸಾರವನ್ನು ಕಟ್ಟಿಕೊಂಡು ಪಟ್ಟಣಕ್ಕೆ ಬಂದು, ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದರು.

ನೀರು ನುಗ್ಗಿದ ಮರುದಿನ ಬೆಳಿಗ್ಗೆ ಎತ್ತರದ ರಸ್ತೆಯ ಮೇಲೆ ನಿಂತು ನೋಡುತ್ತಿದ್ದ ದೊಡ್ಡಮನುಷ್ಯರೊಬ್ಬರು, "ಹಳ್ಳದಲ್ಲಿ ಮನೆ ಕಟ್ಟಿ ಎಂದು ಇವರಿಗೆ ಯಾರು ಹೇಳಿದ್ದರು?" ಎಂದು ಪಕ್ಕದವರನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು. ಪ್ರಶ್ನೆ ಒಳ್ಳೆಯ ಪ್ರಶ್ನೆಯೇ. ಇಷ್ಟು ಒಳ್ಳೆಯ ಪ್ರಶ್ನೆಯನ್ನು ಕೇಳಿದವರು ಉತ್ತರಕ್ಕಾಗಿ ನಿಲ್ಲಲಿಲ್ಲವೆಂಬುದೇ ನನ್ನ ವ್ಯಥೆ. ಅವರು ನಿಂತಿದ್ದರೆ ನನ್ನ ತಂದೆಯವರು ಹೇಳುತ್ತಿದ್ದರು: ನಿವೇಶನ ಕೊಂಡ ವರ್ಷ ಅಲ್ಲಿ ಹಳ್ಳವಿರಲಿಲ್ಲ. ಇದ್ದುದು ಬಳ್ಳಾರಿ ಜಾಲಿಯ ಪೊದೆ, ಒಡೆದ ಬಾಟಲಿ ಮತ್ತು ಹುಡುಗರು ಕ್ರಿಕೆಟ್ ಆಡಿ ಸವೆಸಿದ ನೆಲ. ಮೇಲಿನ ಕೆರೆ ಕೋಡಿ ಬಿದ್ದು ಎಷ್ಟೋ ವರ್ಷಗಳಾಗಿದ್ದುವು. ಮಾರಿದವರು ಕಲ್ಲು ನೆಟ್ಟು, ದಾರ ಹಿಡಿದು, ಮೂವತ್ತು ನಲವತ್ತರ ಚೌಕಗಳನ್ನು ತೋರಿಸಿದರು. ಊರೊಳಗಿನ ನಿವೇಶನದ ಬೆಲೆ ಮೂಟೆ ಹೊರುವವನ ಕೈಗೆ ನಿಲುಕುವಂತಿರಲಿಲ್ಲ, ಇದು ನಿಲುಕುವಂತಿತ್ತು. ಓದು ಬರಹ ಬಾರದಿದ್ದರೂ ನನ್ನ ತಂದೆಯವರು ದಡ್ಡರಲ್ಲ. "ಇಲ್ಲಿಗೆ ನೀರು ಬರುತ್ತದೆಯೇ?" ಎಂದು ಅಕ್ಕಪಕ್ಕದವರನ್ನು ವಿಚಾರಿಸಿದರಂತೆ. ಅಕ್ಕಪಕ್ಕದವರೂ ಬರದಿಂದಲೇ ಹಳ್ಳಿ ಬಿಟ್ಟು ಬಂದವರು, ಎರಡು ಮಳೆಗಾಲವನ್ನು ಅಲ್ಲಿ ಕಂಡವರಲ್ಲ. ಜಾಗದ ನೆನಪಿದ್ದವರು ಯಾರೂ ಆ ಜಾಗದಲ್ಲಿರಲಿಲ್ಲ.

ನನ್ನ ವಾದವೆಲ್ಲ ಇಷ್ಟರಲ್ಲಿಯೇ ಇದೆ. ನಮ್ಮಂಥ ಪಟ್ಟಣಗಳಲ್ಲಿ ನೆರೆ ಬೇರೆ, ಬರ ಬೇರೆ ಎಂದು ಎರಡು ಕಡತಗಳಲ್ಲಿ ಇಡುವುದು ತಪ್ಪು. ಬರಗಾಲವೇ ನಮ್ಮನ್ನು ಹಳ್ಳಿಯಿಂದ ಎಬ್ಬಿಸಿ ನೆರೆಯ ದಾರಿಯಲ್ಲಿ ತಂದು ಕೂರಿಸಿತು. ಬರಗಾಲವೇ ಆ ದಾರಿಯನ್ನು ಒಣಗಿಸಿ ನಿವೇಶನದಂತೆ ಕಾಣಿಸಿತು. ಇದನ್ನು ಮಳೆಮಾಪಕದಿಂದ ತಿಳಿಯಲಾಗದು. ಯಾರು, ಯಾವ ವರ್ಷ, ಯಾವ ಊರಿನಿಂದ, ಏಕೆ ಬಂದರು, ಯಾರಿಂದ ಕೊಂಡರು, ಕೊಳ್ಳುವ ಮುಂಚೆ ಯಾರನ್ನು ಕೇಳಿದರು ಎಂದು ಮನೆಯ ಜಗುಲಿಯಲ್ಲಿ ಕುಳಿತು ವಿಚಾರಿಸಿದರೆ ಮಾತ್ರ ತಿಳಿದೀತು. ಹಾಗೆ ವಿಚಾರಿಸುವುದಕ್ಕೆ ಸಮಾಜವಿಜ್ಞಾನವೆಂದು ಹೆಸರು.

ಇದು ನಮ್ಮೊಂದು ಬೀದಿಯ ದುರದೃಷ್ಟವೆಂದೇ ನಾನು ಬಹುಕಾಲ ತಿಳಿದಿದ್ದೆನು. ಎರಡನೆಯ ಬಿ.ಎ. ತರಗತಿಯಲ್ಲಿ ಅಧ್ಯಾಪಕರೊಬ್ಬರು ಪಾಠದ ನಡುವೆ ಗಿಲ್ಬರ್ಟ್ ವೈಟ್ ಎಂಬ ಅಮೆರಿಕದ ಭೂಗೋಳಶಾಸ್ತ್ರಜ್ಞರ ಹೆಸರನ್ನೆತ್ತಿದರು. ೧೯೩೬ರ ನೆರೆ ನಿಯಂತ್ರಣ ಕಾಯಿದೆಯ ತರುವಾಯ ಆ ದೇಶದ ಸರ್ಕಾರ ಅಣೆಕಟ್ಟು ಒಡ್ಡುಗಳಿಗೆ ಹಣ ಸುರಿಯುತ್ತಿದ್ದ ಕಾಲದಲ್ಲಿ, ವೈಟರು ನೆರೆಯೊಡನೆ ಮನುಷ್ಯನು ಹೇಗೆ ಹೊಂದಿಕೊಳ್ಳುತ್ತಾನೆಂಬ ಪ್ರಶ್ನೆಯನ್ನು ಹಿಡಿದು ೧೯೪೫ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಿಂದ ಒಂದು ಪ್ರಬಂಧವನ್ನು ಪ್ರಕಟಿಸಿದರು. ಒಡ್ಡು ಕಟ್ಟಿದೊಡನೆ ಜನರಿಗೆ ಧೈರ್ಯ ಬಂದು ಅದರ ಹಿಂದೆ ಇನ್ನಷ್ಟು ಮನೆ, ಅಂಗಡಿ ಏಳುತ್ತವೆ. ಎಂದೋ ಒಂದು ದಿನ ಒಡ್ಡನ್ನು ಮೀರಿ ನೀರು ಬಂದಾಗ ನಷ್ಟವು ಒಡ್ಡಿಲ್ಲದಿದ್ದಾಗಿನ ನಷ್ಟವನ್ನೂ ಮೀರಿಸುತ್ತದೆ ಎಂಬುದು ಅವರೂ ಅವರ ಶಿಷ್ಯರೂ ತೋರಿಸಿಕೊಟ್ಟ ಸಂಗತಿ. ಅದನ್ನು ಕೇಳುತ್ತಿದ್ದಂತೆ ನನಗೆ ನಮ್ಮ ಜಾಲಿಯ ಪೊದೆಗಳು ಕಣ್ಣಿಗೆ ಕಟ್ಟಿದುವು. ಮಿಸಿಸಿಪ್ಪಿಯ ದಡದಲ್ಲಿ ಒಡ್ಡು ಕೊಟ್ಟ ಸುಳ್ಳು ಧೈರ್ಯವನ್ನು ಅರಸೀಕೆರೆಯಲ್ಲಿ ಏಳು ವರ್ಷಗಳ ಬರ ಕೊಟ್ಟಿತ್ತು.

ಕಳೆದ ವರ್ಷ ನಮ್ಮ ಇತಿಹಾಸ ವಿಭಾಗದವರು ಬೇಲೂರು ಹಳೇಬೀಡುಗಳಿಗೆ ಶೈಕ್ಷಣಿಕ ಪ್ರವಾಸ ಹೋದೆವು. ೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನನ್ನೂ, ಹಳೇಬೀಡಿನ ಹೊಯ್ಸಳೇಶ್ವರನನ್ನೂ ಕಣ್ತುಂಬ ನೋಡಿದೆವು. ಮಾರ್ಗದರ್ಶಿಗಳು ಮದನಿಕೆಯ ಬಳೆ, ಆನೆಯ ಸಾಲು, ದ್ವಾರಪಾಲಕನ ಕಿರೀಟ ಎಲ್ಲವನ್ನೂ ಬೆರಳಿಟ್ಟು ತೋರಿಸಿದರು. ದೇವಾಲಯದ ಪಕ್ಕದಲ್ಲಿಯೇ ಇರುವ ಕೆರೆಯನ್ನು ಮಾತ್ರ ಯಾರೂ ತೋರಿಸಲಿಲ್ಲ. ಆ ರಾಜಧಾನಿಗೆ ದೋರಸಮುದ್ರವೆಂಬ ಹೆಸರನ್ನು ಕೊಟ್ಟದ್ದೇ ಆ ಕೆರೆ. ಹೊಯ್ಸಳರಿಗಿಂತಲೂ ಹಿಂದಿನದೆಂದು ವಿದ್ವಾಂಸರು ಹೇಳುತ್ತಾರೆ. ಅದು ತುಂಬಲೆಂದು ಯಗಚಿ ನದಿಯಿಂದ ಕಾಲುವೆ ತೋಡಿ ನೀರು ತಂದಿದ್ದರು. ಬೇಲೂರಿನಲ್ಲಿ ಕೆರೆ ಕಟ್ಟಿಸಿದುದರಿಂದ ಮಂತ್ರಿ ಪದ್ಮರಸನು ಕೆರೆಯ ಪದ್ಮರಸನೆಂದೇ ಪ್ರಸಿದ್ಧನಾದನೆಂದು ಸಾಹಿತ್ಯ ಚರಿತ್ರೆಯಲ್ಲಿ ಓದುತ್ತೇವೆ. ನಮ್ಮ ಊರಿನ ಹೆಸರಂತೂ ಸರಿಯೇ ಸರಿ: ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಅರಸೀಕೆರೆ. ಕೆರೆಯನ್ನು ಹೆಸರಿನಲ್ಲಿ ಹೊತ್ತ ಊರುಗಳಿಗೆ ಕೆರೆಯ ಲಕ್ಷಣ ಮರೆತುಹೋಗಿದೆ.

೨೦೨೩ರ ಸೆಪ್ಟೆಂಬರ್ ೧೮ರಂದು ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಜಿಲ್ಲೆಗೆಲ್ಲ ಹೆಮ್ಮೆ, ನನಗೂ ಹೆಮ್ಮೆ. ಅದೇ ತಿಂಗಳು ರಾಜ್ಯ ಸರ್ಕಾರವು ೧೯೫ ತಾಲೂಕುಗಳನ್ನು ಬರಪೀಡಿತವೆಂದು ಸಾರಿತ್ತು. ಮುಂದೆ ಆ ಸಂಖ್ಯೆ ೨೩೬ರಲ್ಲಿ ೨೨೩ಕ್ಕೆ ಏರಿತು. ನಮ್ಮ ಬೀದಿಯಲ್ಲಿ ಎರಡು ಸುದ್ದಿಗಳನ್ನೂ ನಾವು ಟ್ಯಾಂಕರಿಗಾಗಿ ಕಾಯುತ್ತ ಓದಿದೆವು.

ಹಳೆಯ ಕಾಲವನ್ನು ಹೊಗಳಿ ಮುಗಿಸಿಬಿಡುವುದು ಸುಲಭ. ನಮ್ಮ ಮ್ಯಾಗಜೀನುಗಳಲ್ಲಿ ಆ ಪದ್ಧತಿಯೂ ಉಂಟು. ಬಿ. ಎಲ್. ರೈಸರು ೧೯೦೨ರಲ್ಲಿ ಹೊರತಂದ ಹಾಸನ ಜಿಲ್ಲೆಯ ಶಾಸನಸಂಪುಟವನ್ನು ನಮ್ಮ ಗ್ರಂಥಾಲಯದಲ್ಲಿ ತೆರೆದು ನೋಡಬಹುದು. ಕೆರೆ ಕಟ್ಟಿಸಿದವರ ಹೆಸರಿದೆ, ಕೆರೆಗಾಗಿ ಬಿಟ್ಟ ಭೂಮಿಯ ಎಲ್ಲೆಯಿದೆ, ಧರ್ಮವನ್ನು ಅಳಿದವರಿಗೆ ಶಾಪವಿದೆ. ಹೂಳು ಹೊತ್ತವರ ಹೆಸರನ್ನು ನಾನು ಇನ್ನೂ ಹುಡುಕುತ್ತಿದ್ದೇನೆ. ನಮ್ಮ ಅಜ್ಜಿಯ ಊರಿನಲ್ಲಿ ನೀರುಗಂಟಿ ಮನೆತನದ ವೃದ್ಧರೊಬ್ಬರಿದ್ದಾರೆ. ತೂಬು ಎತ್ತುವುದು, ಕಾಲುವೆಯ ಬಾಯಿ ಕಟ್ಟುವುದು, ಮಳೆಯ ರಾತ್ರಿ ಏರಿಯ ಮೇಲೆ ಲಾಂದ್ರ ಹಿಡಿದು ಕೋಡಿಯನ್ನು ಕಾಯುವುದು, ನೀರು ಮೀರುವಂತಿದ್ದರೆ ಕೆಳಗಿನ ಕೇರಿಗೆ ತಮಟೆ ಹೊಡೆದು ಎಚ್ಚರಿಸುವುದು, ಇಷ್ಟೂ ಅವರ ತಂದೆಯ ಕೆಲಸ. ನೀರು ಕಡಿಮೆಯಾದ ವರ್ಷ ತೂಬಿನ ಹತ್ತಿರದ ಗದ್ದೆಗಳಲ್ಲಿಯೇ ಎಲ್ಲರಿಗೂ ಒಂದೊಂದು ತುಂಡು ಹಂಚಿ ಬೆಳೆ ತೆಗೆಸುತ್ತಿದ್ದರಂತೆ. ಎಂಥ ಜಾಣತನವೆಂದು ನಾನು ಉದ್ಗಾರ ತೆಗೆದಾಗ ಆ ವೃದ್ಧರು ನಕ್ಕು, "ಎಲ್ರಿಗೂ ಅಂದ್ರೆ ಗದ್ದೆ ಇದ್ದೋರಿಗೆ ಕಣಪ್ಪ. ಕೆರೆ ಕಾಯ್ದೋನಿಗೆ ಸುಗ್ಗೀಲಿ ಒಂದು ಕಟ್ಟು ಹುಲ್ಲು, ಒಂದು ಮೊರ ಭತ್ತ. ಕೆರೆ ಬಾವಿ ನೀರು ಮುಟ್ಟೋ ಹಂಗಿರ್ನಿಲ್ಲ" ಎಂದರು. ಆಮೇಲೆ ನಾನು ಬರೆದುಕೊಳ್ಳುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಿದೆನು.

೧೯೬೧ರ ಕಾಯಿದೆ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿತು. ಹುಟ್ಟಿನಿಂದಲೇ ಒಬ್ಬನ ಕೊರಳಿಗೆ ಕಟ್ಟಿದ ಚಾಕರಿ ತೊಲಗಿದುದು ನ್ಯಾಯವೇ ಆಯಿತು. ನನ್ನಂಥವನು ಕಾಲೇಜಿನ ಮೆಟ್ಟಿಲು ಹತ್ತಿದುದೂ ಅಂಥ ಬದಲಾವಣೆಗಳ ಪುಣ್ಯದಿಂದಲೇ. ಆದರೆ ಚಾಕರಿ ಹೋದಾಗ ಕೆಲಸವನ್ನು ಯಾರು ಮಾಡಬೇಕೆಂದು ಯಾರೂ ನಿರ್ಧರಿಸಲಿಲ್ಲ. ಸಂಬಳ ಕೊಟ್ಟು, ಗೌರವ ಕೊಟ್ಟು, ಜಾತಿಯನ್ನು ಕೇಳದೆ ಒಬ್ಬರನ್ನು ಏರಿಯ ಮೇಲೆ ನಿಲ್ಲಿಸಬಹುದಾಗಿತ್ತು. ೨೦೨೨ರ ಆ ರಾತ್ರಿ ನಮ್ಮ ಬೀದಿಗೆ ತಮಟೆಯೂ ಕೇಳಲಿಲ್ಲ, ಮೊಬೈಲಿಗೆ ಸಂದೇಶವೂ ಬರಲಿಲ್ಲ.

ದೊಡ್ಡ ಊರಿನವರು ನಮಗಿಂತ ಜಾಣರೆಂದು ಭಾವಿಸುವುದೂ ಬೇಡ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ; ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಲ್ಲಿ. ೨೦೨೨ರ ಸೆಪ್ಟೆಂಬರ್ ಮೊದಲ ವಾರ ಹೊರವರ್ತುಲ ರಸ್ತೆಯ ಕಡೆ ದೊಡ್ಡ ದೊಡ್ಡ ಕಂಪೆನಿಗಳ ನೌಕರರು ಟ್ರ್ಯಾಕ್ಟರು, ದೋಣಿಗಳನ್ನೇರಿ ಹೊರಬಂದುದನ್ನು ಎಲ್ಲರೂ ಚಿತ್ರಗಳಲ್ಲಿ ನೋಡಿದ್ದಾರೆ. ಅದೇ ಮಳೆಗೆ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪುಮನೆಗೂ ನೀರು ನುಗ್ಗಿ, ಬೆಂಗಳೂರಿಗೆ ಬರುವ ಕಾವೇರಿ ನೀರು ನಿಂತುಹೋಯಿತು. ರಸ್ತೆಯಲ್ಲಿ ದೋಣಿ, ನಲ್ಲಿಯಲ್ಲಿ ನೀರಿಲ್ಲ! ಒಂದೂವರೆ ವರ್ಷ ಕಳೆಯುವಷ್ಟರಲ್ಲಿ, ೨೦೨೪ರ ಮಾರ್ಚಿಯಲ್ಲಿ, ನಗರದ ಸುಮಾರು ೧೪,೦೦೦ ಸರ್ಕಾರಿ ಕೊಳವೆಬಾವಿಗಳಲ್ಲಿ ೬,೯೦೦ ಒಣಗಿವೆಯೆಂದು ಸರ್ಕಾರವೇ ಹೇಳಿತು. ಕೆರೆಯಿಂದ ಕೆರೆಗೆ ನೀರು ಹರಿಯುವ ರಾಜಕಾಲುವೆ ಮುಚ್ಚಿದರೆ ಮಳೆಗಾಲದಲ್ಲಿ ನೀರು ಬೀದಿ ಹಿಡಿಯುತ್ತದೆ. ಕೆರೆಗೆ ಸೇರದ ನೀರು ನೆಲಕ್ಕೆ ಇಂಗದುದರಿಂದ ಬೇಸಗೆಯಲ್ಲಿ ಬಾವಿ ಬತ್ತುತ್ತದೆ. ಕಾರಣ ಒಂದೇ, ಫಲ ಎರಡು. ಇದನ್ನು ವಿವರಿಸಲು ವಿಜ್ಞಾನಿಗಳು ಸಾಕು. ಕಾಲುವೆಯನ್ನು ಮುಚ್ಚಿದವರು ಯಾರು, ಮುಚ್ಚಿದಾಗ ನೋಡಿಯೂ ನೋಡದಂತೆ ಇದ್ದವರು ಯಾರು, ಮುಚ್ಚಿದುದರಿಂದ ಲಾಭ ಒಬ್ಬರಿಗೆ ನಷ್ಟ ಇನ್ನೊಬ್ಬರಿಗೆ ಹೇಗಾಯಿತು ಎಂಬಲ್ಲಿಗೆ ಬಂದಾಗ ವಿಜ್ಞಾನದ ಅಳತೆಗೋಲು ಸಾಲದು.

ಬರದ ವಿಷಯದಲ್ಲಿಯೂ ಹೀಗೆಯೇ. ಅಮರ್ತ್ಯ ಸೇನರು ೧೯೮೧ರ ತಮ್ಮ ಗ್ರಂಥದಲ್ಲಿ ೧೯೪೩ರ ಬಂಗಾಳದ ಕ್ಷಾಮವನ್ನು ಪರೀಕ್ಷಿಸಿ, ಧಾನ್ಯ ಇಲ್ಲವಾದುದಕ್ಕಿಂತ ಇದ್ದ ಧಾನ್ಯವನ್ನು ಕೊಳ್ಳುವ ಶಕ್ತಿ ಬಡವರ ಕೈತಪ್ಪಿದುದೇ ಸಾವುಗಳಿಗೆ ಕಾರಣವೆಂದು ವಾದಿಸಿದರು. ನಮ್ಮ ಮೈಸೂರು ಸಂಸ್ಥಾನದಲ್ಲಿಯೂ ೧೮೭೬-೭೮ರ ಮಹಾಕ್ಷಾಮದಲ್ಲಿ ಹತ್ತು ಲಕ್ಷದಷ್ಟು ಜನ ಕಡಿಮೆಯಾದರೆಂದು ಓದಿದ್ದೇವೆ. ಮದರಾಸಿನಿಂದ ರೈಲಿನಲ್ಲಿ ಬಂದ ಧಾನ್ಯ ಬೆಂಗಳೂರಿನಿಂದಾಚೆಗೆ ಗಾಡಿಗಳನ್ನೇ ನಂಬಬೇಕಾಗಿತ್ತು. (ಅರಸೀಕೆರೆ ಜಂಕ್ಷನ್ನಿನಲ್ಲಿ ಚಹಾ ಕುಡಿಯುವ ಮಿತ್ರರು, ಆ ಕ್ಷಾಮದ ಪಾಠದಿಂದಲೇ ಸಂಸ್ಥಾನವು ಮುಂದೆ ರೈಲುದಾರಿಗಳನ್ನು ಬೇಗಬೇಗ ಹಾಕಿಸಿತೆಂಬುದನ್ನು ನೆನೆಯಬಹುದು.) ೨೦೨೪ರ ಬೇಸಗೆಯಲ್ಲಿ ನಮ್ಮ ಬೀದಿಯಲ್ಲಿ ನೀರು ಇರಲಿಲ್ಲವೆಂದು ಹೇಳಿದರೆ ಪೂರ್ತಿ ನಿಜವಾಗದು. ಟ್ಯಾಂಕರಿನಲ್ಲಿ ನೀರಿತ್ತು. ಟ್ಯಾಂಕರು ಯಾರದೋ ತೋಟದ ಕೊಳವೆಬಾವಿಯಿಂದ ತುಂಬಿಕೊಂಡು ಬರುತ್ತಿತ್ತು. ಹಣ ಕೊಟ್ಟ ಮನೆಯ ತೊಟ್ಟಿ ಮೊದಲು ತುಂಬುತ್ತಿತ್ತು. ಪುಕ್ಕಟೆಯ ನೀರು ಬರುವ ಹೊತ್ತು ಯಾರಿಗೂ ತಿಳಿಯದುದರಿಂದ ಪ್ರತಿ ಮನೆಯಿಂದ ಒಬ್ಬರು ಕಾಯಬೇಕಾಗಿತ್ತು. ಆ ಒಬ್ಬರು ಯಾರೆಂದು ನೋಡಿದರೆ ಎಲ್ಲ ಮನೆಗಳಲ್ಲಿಯೂ ತಾಯಿ ಅಥವಾ ಮಗಳು. ನನಗೆ ಪರೀಕ್ಷೆಯೆಂದು ನನ್ನನ್ನು ಎಂದೂ ಕಾಯಲು ಕಳುಹಿಸಲಿಲ್ಲ. ತಂಗಿಗೂ ಪರೀಕ್ಷೆಯಿತ್ತು, ಅವಳನ್ನು ಕಳುಹಿಸಿದರು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಬರದ ಲೆಕ್ಕ ಹಾಕುವವರು ಆ ಹುಡುಗಿಯರು ಶಾಲೆ 'ಬಿಟ್ಟ' ದಿನಗಳನ್ನು ಯಾವ ಅಂಕಣದಲ್ಲಿ ಬರೆಯುತ್ತಾರೋ ತಿಳಿಯೆನು.

೧೯೮೮ರಲ್ಲಿ ಬರದ ಉಸ್ತುವಾರಿಗೆಂದು ಆರಂಭವಾಗಿ ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆನಿಸಿಕೊಂಡಿರುವ ಸಂಸ್ಥೆಯು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ. ಇದು ಮೆಚ್ಚತಕ್ಕ ಕಾರ್ಯ. ಮಳೆಗೆ ಸಿಕ್ಕಿರುವ ಈ ಗಮನದ ಕಾಲುಭಾಗ ಮಳೆಗೆ ಸಿಕ್ಕಿಕೊಂಡವರಿಗೆ ಸಿಕ್ಕಿದರೆ ಸಾಕೆಂಬುದು ನನ್ನ ಬೇಡಿಕೆ. ಸಮಾಜವಿಜ್ಞಾನದವರೂ ದೋಷಮುಕ್ತರಲ್ಲ. ನೆರೆಯಾದ ತಿಂಗಳೊಳಗೆ ನಮ್ಮ ಬೀದಿಗೆ ಸಮೀಕ್ಷೆಯವರೊಬ್ಬರು ಬಂದಿದ್ದರು. ಕೈಯಲ್ಲಿ ಟ್ಯಾಬು, ಪ್ರಶ್ನೆಗಳು ಇಂಗ್ಲಿಷಿನಲ್ಲಿ, ಅವರೇ ಬಾಯಲ್ಲಿ ಕನ್ನಡಿಸಿ ಕೇಳುತ್ತಿದ್ದರು. "ನಷ್ಟ ಎಷ್ಟು ರೂಪಾಯಿ?" ಎಂದು ಕೇಳಿದಾಗ ನನ್ನ ತಾಯಿಯವರು, "ಅಕ್ಕಿ ಒಂದು ಮೂಟೆ ಉಳೀತು ಸ್ವಾಮಿ, ರಾಗಿ ಎಲ್ಲಾ ಮುಗ್ಗಲಾಯ್ತು, ಮಗಳು ನಿದ್ದೇಲಿ ಬೆಚ್ಚಿ ಬೀಳ್ತಾಳೆ" ಎಂದರು. ಅವರು ಒಂದು ಅಂಕಿಯನ್ನು ಒತ್ತಿಕೊಂಡು ಮುಂದಿನ ಮನೆಗೆ ಹೋದರು. ಆ ಅಂಕಿ ಏನೆಂದು ನಮಗಿಂದಿಗೂ ತಿಳಿಯದು. ಎಂ. ಎನ್. ಶ್ರೀನಿವಾಸರು ೧೯೪೮ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಮನೆ ಮಾಡಿಕೊಂಡಿದ್ದು ಕಂಡುದನ್ನು ಬರೆದರು. ಅಂಥ ತಾಳ್ಮೆಯ ಪರಂಪರೆ ನಮ್ಮ ನಾಡಿನದೇ. ವಿ. ಕೆ. ಆರ್. ವಿ. ರಾಯರು ೧೯೭೨ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಂಥವು ಇವೆ. ಹರಿಣಿ ನಾಗೇಂದ್ರರಂಥವರು ಬೆಂಗಳೂರಿನ ಕೆರೆಗಳ ಚರಿತ್ರೆಯನ್ನು ಹಳೆಯ ದಾಖಲೆ ಮತ್ತು ಹಳೆಯ ಜನ ಎರಡರಿಂದಲೂ ಹೆಕ್ಕಿ ಬರೆದಿದ್ದಾರೆ. ಆದರೆ ವಿದ್ವಾಂಸರ ಕಣ್ಣು ರಾಜಧಾನಿಯನ್ನು ದಾಟಿ ಅರಸೀಕೆರೆಯಂಥ ಪಟ್ಟಣಗಳಿಗೆ ಬರುವುದು ಅಪರೂಪ. ನಮ್ಮದು ಹಳ್ಳಿಯೂ ಅಲ್ಲ, ನಗರವೆಂದರೆ ನಗರದವರು ನಗುತ್ತಾರೆ.

ಆದುದರಿಂದ ನಾವೇ ಮಾಡಬೇಕೆನ್ನುತ್ತೇನೆ. ನಮ್ಮ ಕಾಲೇಜಿಗೆ ಅರಸೀಕೆರೆ, ಬೇಲೂರು, ಹಳೇಬೀಡಿನ ಸುತ್ತಿನ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳಿದ್ದಾರೆ. ಒಬ್ಬೊಬ್ಬರ ಊರಿನಲ್ಲಿಯೂ ಒಂದು ಕೆರೆ ಇದೆ, ಇಲ್ಲವೆ ಕೆರೆಯಿದ್ದ ಜಾಗವಿದೆ. ಅಂತಿಮ ವರ್ಷದಲ್ಲಿ ಯೋಜನಾಪ್ರಬಂಧವೆಂದು ನಾವು ಬರೆಯುವುದರಲ್ಲಿ ಮುಕ್ಕಾಲು ಪಾಲು ಅಂತರ್ಜಾಲದಿಂದ ಇಳಿಸಿಕೊಂಡುದೆಂಬುದು ಅಧ್ಯಾಪಕರಿಗೂ ಗೊತ್ತು, ನಮಗೂ ಗೊತ್ತು. ಅವರು ಗೊತ್ತಿಲ್ಲದಂತೆ ಅಂಕ ಕೊಡುತ್ತಾರೆ. ಅದರ ಬದಲು ಒಂದು ಊರಿನ ಕೋಡಿಹಳ್ಳದ ಗುಂಟ ನಡೆದು, ಮನೆಮನೆಯ ಕಥೆ ಬರೆದುಕೊಂಡು, ಗ್ರಾಮನಕ್ಷೆಯ ಮುಂದಿಟ್ಟು ನೋಡಿದರೆ ಅದೊಂದು ಪ್ರಬಂಧವಾಗದೇ? ಹಳೇಬೀಡಿನ ಕೆರೆಗೆ ರಣಘಟ್ಟದಿಂದ ಯಗಚಿಯ ನೀರು ತರಬೇಕೆಂದು ಆ ಭಾಗದ ರೈತರು ವರ್ಷಗಟ್ಟಲೆ ಹೋರಾಡಿದರು. ೨೦೨೪ರ ಸೆಪ್ಟೆಂಬರ್ ೬ರಂದು ಮೊದಲ ಹಂತ ಉದ್ಘಾಟನೆಯಾದ ಎತ್ತಿನಹೊಳೆ ಯೋಜನೆಯ ಕಾಲುವೆ ನಮ್ಮ ತಾಲೂಕನ್ನು ಹಾದು ಪೂರ್ವದ ಜಿಲ್ಲೆಗಳಿಗೆ ಹೋಗಬೇಕಾದುದು. ಮಲೆನಾಡಿನ ನೀರನ್ನು ತಿರುಗಿಸುವುದು ಸರಿಯೋ ತಪ್ಪೋ ಎಂಬ ದೊಡ್ಡ ವಾದವನ್ನು ಬಲ್ಲವರಿಗೆ ಬಿಡುತ್ತೇನೆ. ನನ್ನ ಸಣ್ಣ ಪ್ರಶ್ನೆ ಇಷ್ಟು: ಹತ್ತಾರು ವರ್ಷ ಒಣಗಿದ ಕೆರೆಗೆ ಹೊರಗಿನ ನೀರು ಬಂದು ತುಂಬಿ ಕೋಡಿ ಬಿದ್ದರೆ, ಆ ಒಣ ವರ್ಷಗಳಲ್ಲಿ ಕೋಡಿಯ ಕೆಳಗೆ ಮನೆ ಕಟ್ಟಿದವರ ಪಟ್ಟಿ ಯಾರ ಬಳಿ ಇದೆ?

ಇಷ್ಟು ಉತ್ಸಾಹದಿಂದ ಬರೆದ ಮೇಲೆ ನನಗೆ ಬಿದ್ದ ಪೆಟ್ಟನ್ನೂ ಹೇಳಬೇಕು. ಕಳೆದ ದಸರಾ ರಜೆಯಲ್ಲಿ ನೋಟುಪುಸ್ತಕ ಹಿಡಿದು ನಮ್ಮ ಬೀದಿಯಿಂದಲೇ ಕೆಲಸ ಆರಂಭಿಸಿದೆನು. ಮೊದಲ ಕೆಲವು ಮನೆಗಳವರು ಚಹಾ ಕೊಟ್ಟು ಕಥೆ ಹೇಳಿದರು. ಆಮೇಲಿನ ಮನೆಯ ದೊಡ್ಡಮ್ಮನೊಬ್ಬರು, ನನ್ನನ್ನು ಚಿಕ್ಕಂದಿನಿಂದ ಬಲ್ಲವರು, ನನ್ನ ಕೈಯ ಪುಸ್ತಕವನ್ನೇ ನೋಡುತ್ತ, "ಈ ಪಟ್ಟಿ ಯಾರ ಕೈಗೆ ಹೋಗ್ತದೆ ಮಗ?" ಎಂದರು. ನಾನು ಕಾಲೇಜಿಗೆಂದೆನು. "ಕಾಲೇಜಿಂದ?" ಎಂದರು. ಬೆಂಗಳೂರಿನಲ್ಲಿ ೨೦೧೬ರಲ್ಲಿಯೂ ೨೦೨೨ರಲ್ಲಿಯೂ ನೆರೆಯ ಬೆನ್ನಿಗೇ ರಾಜಕಾಲುವೆಯ ಮೇಲಿನ ಮನೆಗಳನ್ನು ಯಂತ್ರ ತಂದು ಕೆಡವಿದುದನ್ನು ಅವರು ಟಿ.ವಿ.ಯಲ್ಲಿ ನೋಡಿದ್ದರು. ಯಾವ ಮನೆ ಹಳ್ಳದ ಯಾವ ಜಾಗದಲ್ಲಿದೆಯೆಂದು ನಾನು ಬರೆದ ಪುಸ್ತಕವೇ ಮನೆ ಕೆಡವುವವರಿಗೆ ಕೈಪಿಡಿಯಾಗುವುದಿಲ್ಲವೆಂದು ಪ್ರಮಾಣ ಮಾಡಿ ಹೇಳಲು ನನ್ನಿಂದಾಗಲಿಲ್ಲ. ಎಲಿನಾರ್ ಆಸ್ಟ್ರಾಂ ಎಂಬ ವಿದುಷಿ, ಸಮುದಾಯದ ನೀರು, ಕಾಡುಗಳನ್ನು ಜನ ತಾವೇ ನಿಯಮ ಮಾಡಿಕೊಂಡು ಉಳಿಸಿಕೊಳ್ಳಬಲ್ಲರೆಂದು ತೋರಿಸಿ ೨೦೦೯ರಲ್ಲಿ ನೊಬೆಲ್ ಬಹುಮಾನ ಪಡೆದರೆಂದು ನಾವು ಅರ್ಥಶಾಸ್ತ್ರದಲ್ಲಿ ಬಾಯಿಪಾಠ ಮಾಡಿದ್ದೇವೆ. ನಿಯಮ ಮಾಡಲು ಕೂರುವ ಮುಂಚೆ ತಮ್ಮನ್ನು ಎಬ್ಬಿಸುವುದಿಲ್ಲವೆಂಬ ನಂಬಿಕೆ ಜನರಿಗೆ ಬೇಕೆಂಬುದನ್ನು ನನಗೆ ಕಲಿಸಿದವರು ಆ ದೊಡ್ಡಮ್ಮ.

ಅಧ್ಯಾಪಕರೊಬ್ಬರಲ್ಲಿ ಇದನ್ನು ಹೇಳಿಕೊಂಡೆನು. ಹೆಸರು, ಮನೆಯ ಗುರುತು ಬಿಟ್ಟು ಬರೆ. ಬರೆದುದನ್ನು ಮೊದಲು ಅವರಿಗೇ ಓದಿ ಹೇಳು. ಅವರು ಬೇಡವೆಂದುದನ್ನು ಹರಿದುಹಾಕು ಎಂದರು. ನನಗೆ ಒಪ್ಪಿಗೆಯಾಯಿತು. ಹಾಗೆ ಓದಿ ಹೇಳಿದಾಗ ದೊಡ್ಡಮ್ಮನವರು ಎರಡು ತಪ್ಪು ತಿದ್ದಿ, ನಾನು ಕೇಳದೇ ಬಿಟ್ಟಿದ್ದ ಒಂದು ಸಂಗತಿ ಹೇಳಿದರು: ನೀರು ಮೊದಲು ಏರುವುದು ಮೂಲೆಯ ಮೋರಿಯ ಬಳಿ, ಅಲ್ಲಿಂದ ನಮ್ಮ ಬಾಗಿಲಿಗೆ ಬರಲು ಅರ್ಧ ಗಂಟೆ ಬೇಕು. ಈಗ ಬೀದಿಯ ನಾಲ್ಕು ಮನೆಯವರು ಸೇರಿ, ಮಳೆಯ ರಾತ್ರಿ ಸರದಿಯಂತೆ ಆ ಮೋರಿಯನ್ನು ನೋಡಿ ಬರುವುದೆಂದು ಮಾತಾಡಿಕೊಂಡಿದ್ದಾರೆ. ಮೊದಲ ಸರದಿ ನನ್ನದು. ಟ್ಯಾಂಕರಿನ ಸರದಿಯಲ್ಲಿಯೂ ಈ ಬೇಸಗೆ ನಾನೇ ನಿಲ್ಲುವೆನೆಂದು ತಂಗಿಗೆ ಹೇಳಿದ್ದೇನೆ. ಅವಳು ಇನ್ನೂ ನಂಬಿಲ್ಲ.

ತಂದೆಯವರು ಈ ಯುಗಾದಿ ಕಳೆದ ಮೇಲೆ ಸಾಲ ತೆಗೆದು ಹೊಸ್ತಿಲನ್ನು ಎರಡು ಕಲ್ಲು ಎತ್ತರಿಸಬೇಕೆಂದಿದ್ದಾರೆ. "ನೀನು ಓದಿದೋನು, ಎರಡು ಕಲ್ಲು ಸಾಕಾ ಹೇಳು" ಎಂದು ಹೋದ ಭಾನುವಾರ ಕೇಳಿದರು. ನಾವು ಎತ್ತರಿಸಿದರೆ ನೀರು ಪಕ್ಕದ ಮನೆಗೆ ತಿರುಗೀತೇ ಎಂಬುದನ್ನು ಮೊದಲು ನೋಡಬೇಕು ಎಂದೆನು. ಇಬ್ಬರೂ ಹೊರಗೆ ಬಂದು, ನಮ್ಮ ಹೊಸ್ತಿಲಿನಿಂದ ಪಕ್ಕದವರ ಹೊಸ್ತಿಲಿಗೆ ದಾರ ಹಿಡಿದು ಅಳೆಯತೊಡಗಿದೆವು.